ಮರೆವಿನ ಕಾಯಿಲೆ: ಸಹಿಗೆ ಬೆಲೆ ಇರುವಾಗಲೇ ಮುಗಿಸಬೇಕಾದ ಬ್ಯಾಂಕು, ಆಸ್ತಿ, ಉಯಿಲಿನ ಕೆಲಸಗಳು

ಹೊಂಗೆಮರ:
ಡಿಮೆನ್ಶಿಯಾ ಎಂದು ಡಾಕ್ಟರು ಹೇಳಿದ ದಿನದಿಂದ ಮನೆಯವರ ಗಮನವೆಲ್ಲ ಮಾತ್ರೆ, ನಿದ್ದೆ, ಊಟದ ಕಡೆ ಹೋಗುತ್ತದೆ. ಬ್ಯಾಂಕು, ಪಹಣಿ, ಪಿಂಚಣಿ ಎಲ್ಲ "ಆಮೇಲೆ ನೋಡಿದರಾಯ್ತು" ಎಂದು ಹಿಂದೆ ಬೀಳುತ್ತವೆ. ಈ ಕಾಯಿಲೆಯಲ್ಲಿ ಆ ಆಮೇಲೆ ಬರುವಷ್ಟರಲ್ಲಿ ಸಹಿಗೆ ಬೆಲೆಯೇ ಇರುವುದಿಲ್ಲ. ಬಿಡಿಬಿಡಿಯಾಗಿ ಹಲವರು ಕೇಳುತ್ತಿರುವುದರಿಂದ ಒಂದೇ ಕಡೆ ಚರ್ಚೆ ಆಗಲಿ.

ಮಾತಿಗೆ ಒಂದು ಮನೆ ಇಟ್ಟುಕೊಳ್ಳೋಣ. ಶಿವಮೊಗ್ಗದ ಕಡೆಯ ನಿವೃತ್ತ ಹೈಸ್ಕೂಲ್ ಮೇಷ್ಟ್ರು, 71 ವರ್ಷ. ಪೇಟೆಯಲ್ಲಿ ಸ್ವಂತ ಮನೆ, ಊರಲ್ಲಿ 2 ಎಕರೆ ಅಡಿಕೆ ತೋಟ, ಅವರೊಬ್ಬರ ಹೆಸರಲ್ಲೇ ಒಂದು ದೊಡ್ಡ ಎಫ್‌ಡಿ, ಪಿಂಚಣಿ. ಹೆಂಡತಿ ಜೊತೆಗಿದ್ದಾರೆ. ಮಗ ತೋಟ ನೋಡಿಕೊಳ್ಳುತ್ತಾನೆ, ಮಗಳು ಅಮೆರಿಕದಲ್ಲಿ. ಕಾಯಿಲೆ ಮೊದಲ ಹಂತದಲ್ಲಿದೆ: ಹೆಸರು ಮರೆಯುತ್ತಾರೆ, ಕಟ್ಟಿದ ಕರೆಂಟ್ ಬಿಲ್ಲನ್ನೇ ಮತ್ತೆ ಕಟ್ಟುತ್ತಾರೆ, ಆದರೆ ತನ್ನದೇನು, ಯಾರಿಗೆ ಏನು ಕೊಡಬೇಕು ಎಂಬುದು ಸ್ಪಷ್ಟ. ಇವರು ಮೊದಲು ಏನು ಮಾಡಬೇಕು? ಗೊತ್ತಿರುವವರು ಬರೆಯಿರಿ.

ಕಾಫಿತೋಟ:
ಜಿಪಿಎ ಒಂದು ಮಾಡಿಸಿಬಿಟ್ಟರೆ ಮುಗಿಯಿತಲ್ಲ ಸರ್? ಮಗನ ಹೆಸರಿಗೆ ಜನರಲ್ ಪವರ್ ಆಫ್ ಅಟಾರ್ನಿ ರಿಜಿಸ್ಟರ್ ಮಾಡಿಸಿದರೆ ಬ್ಯಾಂಕು, ತೋಟ, ಮನೆ ಎಲ್ಲವನ್ನೂ ಅವನೇ ನೋಡಿಕೊಳ್ಳಬಹುದು.

ವಕಾಲತ್ತು:
ಮುಗಿಯುವುದಿಲ್ಲ ಸರ್. ಅತಿ ಹೆಚ್ಚು ಮನೆಗಳು ಎಡವುವುದು ಇಲ್ಲೇ. 1872ರ ಕರಾರು ಕಾಯ್ದೆಯ 201ನೇ ಕಲಂ ಪ್ರಕಾರ, ಅಧಿಕಾರ ಕೊಟ್ಟವರು ತೀರಿಕೊಂಡರೆ ಅಥವಾ ಚಿತ್ತಸ್ವಾಸ್ಥ್ಯ ಕಳೆದುಕೊಂಡರೆ ಏಜೆನ್ಸಿ ಅಲ್ಲಿಗೇ ಕೊನೆ. ಅಂದರೆ ಮೇಷ್ಟ್ರ ಬುದ್ಧಿ ಸರಿ ಇರುವವರೆಗೆ ಮಾತ್ರ ಜಿಪಿಎ ಜೀವಂತ. ಯಾವಾಗ ನಿಜಕ್ಕೂ ಬೇಕೋ ಆಗಲೇ ಅದು ಸತ್ತಿರುತ್ತದೆ. ಅಮೆರಿಕ, ಇಂಗ್ಲೆಂಡಿನಲ್ಲಿ ಬುದ್ಧಿ ಹೋದ ಮೇಲೂ ಉಳಿಯುವ ಪವರ್ ಆಫ್ ಅಟಾರ್ನಿ ಇದೆ. ನಮ್ಮ ಕಾನೂನಿನಲ್ಲಿ ಇಲ್ಲ. ಪತ್ರದಲ್ಲಿ "ಮುಂದೆ ನನ್ನ ಬುದ್ಧಿ ಸ್ವಾಧೀನದಲ್ಲಿ ಇಲ್ಲದಿದ್ದರೂ ಈ ಅಧಿಕಾರ ಮುಂದುವರಿಯತಕ್ಕದ್ದು" ಎಂದು ಪತ್ರ ಬರಹಗಾರರು ಸೇರಿಸಿದರೆ ಆ ಸಾಲಿನಿಂದ ಕಾಯ್ದೆ ಬದಲಾಗುವುದಿಲ್ಲ.

ಹಾಗಾದರೆ ಜಿಪಿಎ ಬೇಡವೇ? ಬೇಕು, ಆದರೆ ಒಂದೆರಡು ವರ್ಷದ ಸೇತುವೆಯಾಗಿ. ಆಸ್ತಿಯ ಖಾತೆ ಸರಿಪಡಿಸುವುದು, ಬಾಕಿ ಕಂದಾಯ, ಹಳೆ ಇಸಿ (ಋಣಭಾರ ಪತ್ರ) ತೆಗೆಸುವುದು, ಇ-ಖಾತೆ ಮಾಡಿಸುವುದು ಇಂಥ ಓಡಾಟಕ್ಕೆ. ಮಾರುವ ಅಧಿಕಾರ ಅದರಲ್ಲಿ ಸೇರಿಸಬೇಡಿ. ಮೇಷ್ಟ್ರ ಸ್ಥಿತಿ ಕೆಟ್ಟ ಮೇಲೆ ಅದೇ ಜಿಪಿಎ ಹಿಡಿದು ಮಗ ಮನೆ ಮಾರಿದರೆ, ಮಗಳು ಕೋರ್ಟಿಗೆ ಹೋದ ದಿನ ಆಸ್ಪತ್ರೆಯ ಕಡತವೇ ಅವಳ ಸಾಕ್ಷಿ. ಕೊಂಡವರು ಕೂಡ ಬೀದಿಗೆ ಬೀಳುತ್ತಾರೆ.

ಇನ್ನೊಂದು ಮಾತು. ಕಾಯಿಲೆಗೆ ಹೆಸರು ಬಿದ್ದ ತಕ್ಷಣ ಸಹಿ ಮಾಡುವ ಅರ್ಹತೆ ಹೋಯಿತು ಎಂದಲ್ಲ. ಅದೇ ಕಾಯ್ದೆಯ 12ನೇ ಕಲಂ ನೋಡುವುದು ಆ ಕರಾರು ಮಾಡುವ ಹೊತ್ತಿಗೆ ಅದನ್ನು ಅರ್ಥ ಮಾಡಿಕೊಂಡು ತನ್ನ ಹಿತ ತೂಗಿನೋಡುವ ಶಕ್ತಿ ಇತ್ತೇ ಎಂಬುದನ್ನು ಮಾತ್ರ. ಮೇಷ್ಟ್ರಿಗೆ ಇವತ್ತು ಆ ಶಕ್ತಿ ಇದೆ. ಹಾಗಾಗಿ ಇವತ್ತೇ ಶುರು ಮಾಡಬೇಕು.

ಪಾಸ್‌ಬುಕ್:
ಬ್ಯಾಂಕಿನ ಭಾಗ ನಾನು ಹೇಳುತ್ತೇನೆ. ಮೊದಲ ವಾರದ ಕೆಲಸ: ಮೇಷ್ಟ್ರ ಉಳಿತಾಯ ಖಾತೆಗೆ ಹೆಂಡತಿಯ ಹೆಸರು ಸೇರಿಸಿ ಜಂಟಿ ಮಾಡಿಸುವುದು. ಪಿಂಚಣಿ ಖಾತೆಯನ್ನೂ ಸಂಗಾತಿಯ ಜೊತೆ ಜಂಟಿ ಮಾಡಲು ಅವಕಾಶ ಇದೆ. ಫಾರಂನಲ್ಲಿ ವ್ಯವಹಾರದ ಬಗೆ ಎಂಬ ಕಡೆ ಏನು ಗುರುತು ಹಾಕುತ್ತೀರಿ ಎಂಬುದರ ಮೇಲೆ ಎಲ್ಲ ನಿಂತಿದೆ. "ಐದರ್ ಆರ್ ಸರ್ವೈವರ್" ಎಂದಿದ್ದರೆ ಇಬ್ಬರಲ್ಲಿ ಯಾರಾದರೂ ತೆಗೆಯಬಹುದು. "ಫಾರ್ಮರ್ ಆರ್ ಸರ್ವೈವರ್" ಎಂದಿದ್ದರೆ ಮೇಷ್ಟ್ರು ಇರುವವರೆಗೆ ಅವರೊಬ್ಬರೇ, ಹೆಂಡತಿಗೆ ಏನೂ ಉಪಯೋಗವಿಲ್ಲ. "ಜಾಯಿಂಟ್ಲಿ" ಎಂದಿದ್ದರಂತೂ ಇಬ್ಬರ ಸಹಿಯೂ ಬೇಕು, ಅಲ್ಲಿಗೆ ಖಾತೆ ಮುಚ್ಚಿದ ಹಾಗೆಯೇ. ಎಷ್ಟೋ ಹಳೆ ಪಾಸ್‌ಬುಕ್ಕುಗಳಲ್ಲಿ ಎರಡು ಹೆಸರು ನೋಡಿ ಮನೆಯವರು ನೆಮ್ಮದಿಯಾಗಿರುತ್ತಾರೆ. ಹೆಸರಲ್ಲ, ಆ ಬಗೆ ಯಾವುದು ಎಂದು ಕೌಂಟರಿನಲ್ಲಿ ಕೇಳಿ ಖಚಿತಪಡಿಸಿಕೊಳ್ಳಿ.

ಎಫ್‌ಡಿ ಬೇರೆಯೇ ಕಥೆ. ಐದರ್ ಆರ್ ಸರ್ವೈವರ್ ಎಂದಿದ್ದರೂ ಅವಧಿ ಮುಗಿದಾಗ ಮಾತ್ರ ಒಬ್ಬರ ಸಹಿ ಸಾಕು. ಅವಧಿಗೆ ಮುಂಚೆ ಮುರಿಯಬೇಕಾದರೆ ಇಬ್ಬರ ಸಹಿಯನ್ನೂ ಕೇಳಬಹುದು ಎಂಬುದು ರಿಸರ್ವ್ ಬ್ಯಾಂಕಿನ ಸೂಚನೆ. ಆಸ್ಪತ್ರೆಗೆ ಸೇರಿಸಿದ ರಾತ್ರಿ ಹಣ ಬೇಕಾದಾಗ ಸಿಕ್ಕಿಹಾಕಿಕೊಳ್ಳುವುದು ಇಲ್ಲಿ. ಪರಿಹಾರ ಸುಲಭ. ಮೇಷ್ಟ್ರ ಒಂದು 12 ಲಕ್ಷದ ಎಫ್‌ಡಿ ಇದೆ ಅನ್ನಿ. ಅದನ್ನು ಹೆಂಡತಿಯ ಜೊತೆ ಜಂಟಿಯಾಗಿ 1 ಲಕ್ಷದ 12 ತುಂಡು ಮಾಡಿ, ತಿಂಗಳಿಗೊಂದು ಅವಧಿ ಮುಗಿಯುವ ಹಾಗೆ ಜೋಡಿಸಿ, ಮುಗಿದ ಹಣ ಜಂಟಿ ಉಳಿತಾಯ ಖಾತೆಗೆ ತಾನಾಗಿ ಬೀಳುವ ಹಾಗೆ ಬರೆದುಕೊಡಿ. ಆಟೋ ರಿನ್ಯೂವಲ್ ತೆಗೆಸಿ. ಅದು ಇದ್ದರೆ ಒಂದು ದಿನ ತಪ್ಪಿದರೂ ಹಣ ಮತ್ತೆ ಒಳಗೆ ಹೋಗಿ ಕೂರುತ್ತದೆ. ಈಗಲೇ ಇಬ್ಬರ ಸಹಿ ಹಾಕಿ "ಅವಧಿಗೆ ಮುಂಚೆ ಯಾರೊಬ್ಬರಾದರೂ ಮುರಿಯಬಹುದು" ಎಂಬ ಮ್ಯಾಂಡೇಟ್ ಕೊಡುವುದೂ ಒಂದು ದಾರಿ. ಎರಡನ್ನೂ ಮಾಡಿ.

ಪಿಪಿಎಫ್ ಒಬ್ಬರ ಹೆಸರಲ್ಲೇ ಇರುತ್ತದೆ, ಜಂಟಿ ಮಾಡಲಾಗದು. 15 ವರ್ಷ ಮುಗಿದಿದ್ದರೆ ಈಗಲೇ ತೆಗೆದು ಜಂಟಿ ಖಾತೆಗೆ ತರುವುದು ಒಳ್ಳೆಯದು. ಲಾಕರ್ ಕೂಡ ಐದರ್ ಆರ್ ಸರ್ವೈವರ್ ಮಾಡಿಸಿ, ಕೀ ಎಲ್ಲಿದೆ ಎಂದು ಇಬ್ಬರಿಗೆ ಗೊತ್ತಿರಲಿ.

ಚೇಣಿದಾರ:
ಎಲ್ಲದಕ್ಕೂ ನಾಮಿನಿ ಇದ್ದಾರಲ್ಲ, ಮತ್ಯಾಕೆ ಜಂಟಿ? ಈಗ ನಾಲ್ಕು ಜನರನ್ನು ನಾಮಿನಿ ಮಾಡಬಹುದಂತೆ.

ಪಾಸ್‌ಬುಕ್:
ಹೌದು, 2025ರ ನವೆಂಬರ್ 1ರಿಂದ ಬ್ಯಾಂಕ್ ಠೇವಣಿಗೆ 4 ನಾಮಿನಿಗಳ ತನಕ ಹಾಕಬಹುದು. ಆದರೆ ನಾಮಿನಿಗೆ ಬಾಗಿಲು ತೆರೆಯುವುದು ಖಾತೆದಾರರು ತೀರಿಕೊಂಡ ಮೇಲೆ. ಮೇಷ್ಟ್ರು ಬದುಕಿದ್ದು, ಸಹಿ ಹಾಕಲಾಗದೆ ಹತ್ತು ವರ್ಷ ಇದ್ದರೆ ಆ ಹತ್ತು ವರ್ಷ ನಾಮಿನಿಗೆ ಒಂದು ರೂಪಾಯಿ ಮುಟ್ಟಲಾಗದು. ಶೇರು, ಮ್ಯೂಚುವಲ್ ಫಂಡಿನಲ್ಲೂ ಇದೇ. ಶೇರು ಮಾರುಕಟ್ಟೆಯ ನಿಯಂತ್ರಕರಾದ ಸೆಬಿಯ 2025ರ ಜನವರಿಯ ಸುತ್ತೋಲೆಯಲ್ಲಿ ಹೂಡಿಕೆದಾರರು ಅಶಕ್ತರಾದಾಗ ಒಬ್ಬ ನಾಮಿನಿಗೆ ವ್ಯವಹಾರದ ಅಧಿಕಾರ ಕೊಡುವ ಅವಕಾಶ ಬಂದಿದೆ. ಅದನ್ನು ನಂಬಿ ಕೂರಬೇಡಿ. ಅದು ದೈಹಿಕವಾಗಿ ಅಶಕ್ತರಾದವರಿಗೆ, ಕರಾರು ಮಾಡುವ ಬುದ್ಧಿ ಇನ್ನೂ ಇರುವವರಿಗೆ ಮಾತ್ರ. ಲಕ್ವ ಹೊಡೆದವರಿಗೆ ಆದೀತು, ಮರೆವಿನ ಕಾಯಿಲೆಗೆ ಆಗದು. ಫಂಡುಗಳಿದ್ದರೆ ಈಗಲೇ ಹಿಂತೆಗೆದು, "ಎನಿವನ್ ಆರ್ ಸರ್ವೈವರ್" ಎಂದು ಇಬ್ಬರ ಹೆಸರಲ್ಲಿ ಹೊಸದಾಗಿ ಹಾಕುವುದು ವಾಸಿ. ತೆರಿಗೆ ಎಷ್ಟು ಬೀಳುತ್ತದೆಂದು ಮೊದಲು ಲೆಕ್ಕ ಹಾಕಿ.

ಜಂಟಿ ಖಾತೆಗೂ ಒಂದು ಮಿತಿ ಇದೆ, ಮುಚ್ಚಿಡುವುದು ಸರಿಯಲ್ಲ. ಖಾತೆದಾರರಲ್ಲಿ ಒಬ್ಬರ ಬುದ್ಧಿ ಸ್ವಾಧೀನದಲ್ಲಿಲ್ಲ ಎಂದು ಬ್ಯಾಂಕಿಗೆ ಯಾರಾದರೂ ಬರೆದು ಕೊಟ್ಟರೆ ವ್ಯವಹಾರವನ್ನು ಅವರು ನಿಲ್ಲಿಸಬಹುದು. ಮನೆಯಲ್ಲಿ ಅಣ್ಣತಮ್ಮಂದಿರ ತಕರಾರಿದ್ದರೆ ಈ ಅರ್ಜಿ ಬಂದೇ ಬರುತ್ತದೆ. ಜಂಟಿ ಖಾತೆ ದಿನನಿತ್ಯದ ಖರ್ಚಿಗೆ. ದೊಡ್ಡ ಮೊತ್ತಕ್ಕೆ ವಕೀಲರು ಹೇಳುವ ದಾರಿ ನೋಡಿ.

ವಕಾಲತ್ತು:
ಪಾಸ್‌ಬುಕ್ ಸರ್ ಹೇಳಿದ್ದು ಸರಿ. ದೊಡ್ಡ ಮೊತ್ತ ಇರುವ ಮನೆಗೆ ನಾನು ಹೇಳುವುದು ಖಾಸಗಿ ಟ್ರಸ್ಟ್, 1882ರ ಟ್ರಸ್ಟ್ ಕಾಯ್ದೆಯ ಅಡಿ. ಮೇಷ್ಟ್ರು ಈಗಲೇ ಹಣವನ್ನು ಟ್ರಸ್ಟಿಗೆ ವರ್ಗಾಯಿಸಿದರೆ ಮುಂದೆ ಅವರ ಬುದ್ಧಿ ಹೋದರೂ ಟ್ರಸ್ಟ್ ನಡೆಯುತ್ತದೆ, ಏಕೆಂದರೆ ಹಣದ ಕಾನೂನು ಒಡೆತನ ಆಗಲೇ ಟ್ರಸ್ಟಿಗಳದ್ದು. ಟ್ರಸ್ಟಿಗಳಾಗಿ ಹೆಂಡತಿ, ಮಗ, ಮಗಳು ಮೂವರೂ ಇರಲಿ, ಇಬ್ಬರು ಒಪ್ಪಿದರೆ ಖರ್ಚು ಎಂದು ಬರೆಯಿರಿ. ಫಲಾನುಭವಿ ಯಾರು, ಪಾಲೆಷ್ಟು ಎಂಬುದು ಪತ್ರದಲ್ಲಿ ಸ್ಪಷ್ಟ ಇರಬೇಕು. ಪಾಲನ್ನು ಟ್ರಸ್ಟಿಗಳ ಇಷ್ಟಕ್ಕೆ ಬಿಟ್ಟರೆ ಆದಾಯಕ್ಕೆ ಗರಿಷ್ಠ ದರದ ತೆರಿಗೆ ಬೀಳುವ ಅಪಾಯ ಇದೆ. ಮನೆಯನ್ನೂ ಟ್ರಸ್ಟಿಗೆ ಹಾಕಬೇಕೆಂದರೆ ನೋಂದಣಿ ಕಡ್ಡಾಯ, ಮುದ್ರಾಂಕ ಶುಲ್ಕವೂ ಬೀಳುತ್ತದೆ. ಸಣ್ಣ ಆಸ್ತಿಗೆ ಈ ಖರ್ಚು ಬೇಡ.

ನೆರಳು:
ಆಸ್ಪತ್ರೆಯ ಕಡೆಯಿಂದ ಒಂದು ದೊಡ್ಡ ವಿಷಯ. ಮುಖ್ಯವಾದ ಯಾವ ಪತ್ರಕ್ಕೂ ಡಾಕ್ಟರ ಸರ್ಟಿಫಿಕೇಟ್ ಇಲ್ಲದೆ ಸಹಿ ಹಾಕಿಸಬೇಡಿ. ಅದರಲ್ಲಿ ಏನು ಬರೆದಿದೆ ಎಂಬುದನ್ನು ನೀವೇ ಓದಿ ನೋಡಿ. "ರೋಗಿ ಆರೋಗ್ಯವಾಗಿದ್ದಾರೆ" ಎಂಬ ಒಂದು ಸಾಲಿನ ಚೀಟಿ ಕೋರ್ಟಿನಲ್ಲಿ ನಿಲ್ಲುವುದಿಲ್ಲ. 30ಕ್ಕೆ 22 ಬಂತು ಎಂಬ ನೆನಪಿನ ಪರೀಕ್ಷೆಯ ಅಂಕ ಮಾತ್ರ ಬರೆದರೂ ಸಾಲದು. ತಾರೀಕು, ವಾರ ತಪ್ಪಾಗಿ ಹೇಳಿದವರು ತಮ್ಮ ಆಸ್ತಿಯನ್ನು ಯಾರಿಗೆ ಯಾಕೆ ಕೊಡುತ್ತೇನೆ ಎಂದು ಸರಿಯಾಗಿ ಹೇಳಬಲ್ಲರು. ಅಂಕ ಚೆನ್ನಾಗಿದ್ದೂ ಪಕ್ಕದಲ್ಲಿ ಕೂತವರು ಹೇಳಿದ್ದಕ್ಕೆಲ್ಲ ತಲೆಯಾಡಿಸುವವರೂ ಇದ್ದಾರೆ.

ಸರ್ಟಿಫಿಕೇಟಿನಲ್ಲಿ ಇರಬೇಕಾದ ಒಕ್ಕಣೆ ಹೆಚ್ಚುಕಡಿಮೆ ಹೀಗೆ: "ಇವರನ್ನು ದಿನಾಂಕ ಇಂಥದ್ದು, ಬೆಳಿಗ್ಗೆ ಇಷ್ಟು ಗಂಟೆಗೆ, ಕುಟುಂಬದವರು ಯಾರೂ ಇಲ್ಲದೆ ಪ್ರತ್ಯೇಕವಾಗಿ ಮಾತನಾಡಿಸಿದೆ. ಉಯಿಲು ಅಂದರೇನು, ತಮ್ಮ ಆಸ್ತಿ ಯಾವುವು, ಹತ್ತಿರದವರು ಯಾರು, ಯಾರಿಗೆ ಏನನ್ನು ಯಾಕೆ ಕೊಡುತ್ತಿದ್ದೇನೆ ಎಂಬುದನ್ನು ತಮ್ಮ ಮಾತಿನಲ್ಲೇ ವಿವರಿಸಿದರು. ಅರ್ಧ ಗಂಟೆ ಬಿಟ್ಟು ಮತ್ತೆ ಕೇಳಿದಾಗಲೂ ಅದನ್ನೇ ಹೇಳಿದರು." ಆ ಕೊನೆಯ ಸಾಲು ಮುಖ್ಯ. ನಿರ್ಧಾರ ಮನಸ್ಸಿನಲ್ಲಿ ನಿಂತಿದೆ ಎಂಬುದಕ್ಕೆ ಅದೇ ಸಾಕ್ಷಿ. ಬರೆದುಕೊಡುವವರು ಮನೋವೈದ್ಯರು ಅಥವಾ ನರರೋಗ ತಜ್ಞರಾಗಿರಲಿ, ತಾರೀಕು ಪತ್ರಕ್ಕೆ ಸಹಿ ಹಾಕುವ ದಿನದ್ದೇ ಇರಲಿ.

ಹೊತ್ತನ್ನೂ ನೋಡಿ. ಈ ಕಾಯಿಲೆಯವರಿಗೆ ಸಂಜೆಯಾಗುತ್ತ ಗೊಂದಲ, ಸಿಡುಕು ಹೆಚ್ಚು. ತಿಂಡಿಯಾದ ಮೇಲೆ 10–11 ಗಂಟೆ ಒಳ್ಳೆಯ ಸಮಯ. ಕನ್ನಡಕ, ಕಿವಿ ಯಂತ್ರ ಹಾಕಿಸಿ. ಎಷ್ಟೋ ಬಾರಿ ಕೇಳಿಸದೆ ಇರುವುದನ್ನೇ ಜನ ಅರ್ಥವಾಗಿಲ್ಲ ಅಂದುಕೊಳ್ಳುತ್ತಾರೆ. ಹಿಂದಿನ ಎರಡು ಮೂರು ದಿನದಲ್ಲಿ ಇದ್ದಕ್ಕಿದ್ದ ಹಾಗೆ ಗೊಂದಲ ಹೆಚ್ಚಿದ್ದರೆ ಮೂತ್ರದ ಸೋಂಕೋ, ಮಲಬದ್ಧತೆಯೋ, ಹೊಸ ನಿದ್ದೆ ಮಾತ್ರೆಯೋ ನೋಡಿಸಿ. ಅದು ವಾಸಿಯಾದ ಮೇಲೆ ಮೊದಲಿನ ಸ್ಪಷ್ಟತೆ ಬಹುಪಾಲು ಮರಳಬಹುದು. ಅಂಥ ದಿನ ಸಹಿ ಬೇಡ.

ಹೊಂಗೆಮರ:
ಉಯಿಲಿನ ಬಗ್ಗೆ ಸ್ವಲ್ಪ ಬಿಡಿಸಿ ಹೇಳಿ ಸರ್. ಛಾಪಾ ಕಾಗದ ಬೇಕೇ, ರಿಜಿಸ್ಟರ್ ಆಗಲೇಬೇಕೇ?

ವಕಾಲತ್ತು:
ಛಾಪಾ ಕಾಗದ ಬೇಡ, ಬಿಳಿ ಹಾಳೆ ಸಾಕು. ನೋಂದಣಿ ಕಡ್ಡಾಯವಲ್ಲ. ಆದರೆ ಈ ಕಾಯಿಲೆ ಇದ್ದವರ ಉಯಿಲು ನೋಂದಣಿ ಆಗಲೇಬೇಕು ಎಂಬುದು ನನ್ನ ಖಡಾಖಂಡಿತ ಅಭಿಪ್ರಾಯ. 1925ರ ಉತ್ತರಾಧಿಕಾರ ಕಾಯ್ದೆಯ 63ನೇ ಕಲಂ ಕೇಳುವುದು ಇಷ್ಟು: ಬರೆದವರ ಸಹಿ ಅಥವಾ ಹೆಬ್ಬೆಟ್ಟು, ಕನಿಷ್ಠ ಇಬ್ಬರು ಸಾಕ್ಷಿಗಳು, ಅವರು ಮೇಷ್ಟ್ರು ಸಹಿ ಹಾಕುವುದನ್ನು ನೋಡಿರಬೇಕು, ಮೇಷ್ಟ್ರ ಎದುರಿಗೇ ತಾವೂ ಸಹಿ ಹಾಕಿರಬೇಕು. ಸಾಕ್ಷಿಗಳು ಮೇಷ್ಟ್ರಿಗಿಂತ ಚಿಕ್ಕವರಿರಲಿ. ಮುಂದೆ ತಕರಾರು ಬಂದರೆ ಒಬ್ಬರಾದರೂ ಕೋರ್ಟಿಗೆ ಬಂದು ಹೇಳಬೇಕು. 75 ವರ್ಷದ ಗೆಳೆಯರಿಬ್ಬರನ್ನು ಸಾಕ್ಷಿ ಹಾಕಿಸಿದರೆ ಬೇಕಾದಾಗ ಇಬ್ಬರೂ ಇರುವುದಿಲ್ಲ. ಪಾಲು ಪಡೆಯುವವರು ಸಾಕ್ಷಿ ಹಾಕಬಾರದು. ಆ ದಿನ ಅವರು ಆ ಕೋಣೆಯಲ್ಲೇ ಇರದಿದ್ದರೆ ಇನ್ನೂ ಒಳ್ಳೆಯದು.

ನಮ್ಮ ಕಡೆ ಉಯಿಲಿನ ಮೊಕದ್ದಮೆಗಳಲ್ಲಿ ಇವತ್ತಿಗೂ ಆಧಾರ 1959ರ ವೆಂಕಟಾಚಲ ಅಯ್ಯಂಗಾರ್–ತಿಮ್ಮಾಜಮ್ಮ ತೀರ್ಪು. ಆಗಿನ ಮೈಸೂರು ರಾಜ್ಯದಿಂದ ಸುಪ್ರೀಂ ಕೋರ್ಟಿಗೆ ಹೋದ ಪ್ರಕರಣ ಅದು. ಅನುಮಾನಕ್ಕೆ ಎಡೆ ಇರುವ ಸಂದರ್ಭಗಳನ್ನೆಲ್ಲ ನಿವಾರಿಸುವ ಹೊಣೆ ಉಯಿಲನ್ನು ಮುಂದಿಡುವವರದ್ದು ಎಂದು ಅದು ಹೇಳುತ್ತದೆ. ಬುದ್ಧಿ ಕುಂದಿರುವುದು, ಪಾಲು ಪಡೆದವನೇ ಓಡಾಡಿ ಬರೆಸಿರುವುದು, ಒಬ್ಬ ಮಗಳನ್ನು ಕಾರಣ ಹೇಳದೆ ಕೈಬಿಟ್ಟಿರುವುದು ಇವೆಲ್ಲ ಅಂಥ ಸಂದರ್ಭಗಳೇ. ಹಾಗಾಗಿ ಅಸಮ ಪಾಲು ಕೊಟ್ಟರೆ ಕಾರಣವನ್ನು ಉಯಿಲಿನಲ್ಲೇ ಎರಡು ಸಾಲು ಬರೆಸಿ.

ತೋಟ ಪಿತ್ರಾರ್ಜಿತವಾಗಿದ್ದರೆ ಮೇಷ್ಟ್ರು ತಮ್ಮ ಪಾಲನ್ನು ಮಾತ್ರ ಉಯಿಲು ಬರೆಯಬಹುದು. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ನಂತರ ಮಗಳಿಗೂ ಮಗನಷ್ಟೇ ಜನ್ಮಸಿದ್ಧ ಹಕ್ಕು. ಅಂಥ ಆಸ್ತಿಗೆ ಉಯಿಲಿಗಿಂತ ಎಲ್ಲರೂ ಸಹಿ ಹಾಕುವ ವಿಭಾಗಪತ್ರ ಈಗಲೇ ಮಾಡುವುದು ಚೊಕ್ಕ. ಮೇಷ್ಟ್ರಿಗೆ ಬುದ್ಧಿ ಇರುವಾಗ ಮಾಡಿದ ವಿಭಾಗಪತ್ರಕ್ಕೆ ಒಂದೇ ದಿನ ಸಾಕು. ಆಮೇಲಾದರೆ ದಾವೆ ಹೂಡಿ, ಸಿವಿಲ್ ಪ್ರಕ್ರಿಯಾ ಸಂಹಿತೆಯ 32ನೇ ಆದೇಶದ 15ನೇ ನಿಯಮದಂತೆ ಅವರ ಪರ ಕೋರ್ಟಿನಲ್ಲಿ ಇನ್ನೊಬ್ಬರು ನಿಲ್ಲಬೇಕು. ವರ್ಷಗಟ್ಟಲೆ ಹಿಡಿಯುತ್ತದೆ.

ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಏನಾಗುತ್ತದೆ ಗೊತ್ತಿರಲಿ. ಅಧಿಕಾರಿ ಮೇಷ್ಟ್ರನ್ನೇ ನೋಡಿ ಕೇಳುತ್ತಾರೆ: ನಿಮ್ಮ ಹೆಸರೇನು, ಇದು ಯಾವ ಪತ್ರ, ಯಾರಿಗೆ ಬರೆದಿದ್ದೀರಿ, ಒಪ್ಪಿ ಸಹಿ ಹಾಕಿದ್ದೀರಾ. ಪಕ್ಕದಿಂದ ಮಗ ಉತ್ತರ ಕೊಟ್ಟರೆ ಕೆಲಸ ಕೆಡುತ್ತದೆ. ಪತ್ರ ಬರೆದುಕೊಡುತ್ತಿರುವವರಿಗೆ ಬುದ್ಧಿ ಸ್ವಾಧೀನದಲ್ಲಿಲ್ಲ ಎಂದು ಕಂಡರೆ ನೋಂದಣಿ ನಿರಾಕರಿಸಲು 1908ರ ನೋಂದಣಿ ಕಾಯ್ದೆಯ 35ನೇ ಕಲಂನಲ್ಲಿ ಅಧಿಕಾರ ಇದೆ. ನಿರಾಕರಣೆ ದಾಖಲೆಗೆ ಹೋದರೆ ಮುಂದಿನ ಎಲ್ಲ ಪತ್ರಕ್ಕೂ ಕಂಟಕ. ಕಚೇರಿಯ ಗದ್ದಲ, ಕಾಯುವಿಕೆ ಇಂಥವರಿಗೆ ಆಗಿಬರುವುದಿಲ್ಲ. ನೋಂದಣಿ ಇಲಾಖೆಯ ಆನ್‌ಲೈನ್ ವ್ಯವಸ್ಥೆಯಾದ ಕಾವೇರಿ 2.0ದಲ್ಲಿ ಬೆಳಗಿನ ಮೊದಲ ಹೊತ್ತಿಗೆ ಸಮಯ ಗೊತ್ತು ಮಾಡಿ. ನಡೆದಾಡಲು ಆಗದಿದ್ದರೆ 31 ಮತ್ತು 38ನೇ ಕಲಂ ಹೇಳಿ ಮನೆಗೇ ಬರುವಂತೆ ವೈದ್ಯರ ಪತ್ರದೊಂದಿಗೆ ಅರ್ಜಿ ಕೊಡಬಹುದು.

ಕಾಫಿತೋಟ:
ಇಷ್ಟೆಲ್ಲ ಯಾಕೆ? ಕುಟುಂಬದೊಳಗೆ ದಾನಪತ್ರಕ್ಕೆ ಮುದ್ರಾಂಕ ಶುಲ್ಕ ತೀರಾ ಕಡಿಮೆ. ಈಗಲೇ ಮಗನಿಗೆ ಮನೆ ದಾನ ಮಾಡಿಬಿಟ್ಟರೆ ಉಯಿಲಿನ ತಕರಾರೇ ಇಲ್ಲ.

ವಕಾಲತ್ತು:
ನಾನು ಇದನ್ನು ಒಪ್ಪುವುದಿಲ್ಲ ಸರ್. ಶುಲ್ಕ ಕಡಿಮೆ ಎಂಬ ಒಂದೇ ಕಾರಣಕ್ಕೆ ಮಾಡುವ ದಾನಪತ್ರಗಳಿಂದಲೇ ಹಿರಿಯರು ತಮ್ಮದೇ ಮನೆಯಲ್ಲಿ ಹಂಗಿನವರಾಗುವುದು. ಉಯಿಲನ್ನು ಬುದ್ಧಿ ಇರುವವರೆಗೆ ಎಷ್ಟು ಸಲವಾದರೂ ಬದಲಿಸಬಹುದು. ದಾನ ಕೊಟ್ಟ ಕ್ಷಣ ಮನೆ ಮಗನದ್ದು. ಅವನ ಸಾಲಕ್ಕೆ ಜಪ್ತಿ ಆಗಬಹುದು, ಅವನೇ ಮೊದಲು ಹೋದರೆ ಅವನ ವಾರಸುದಾರರಿಗೆ ಹೋಗುತ್ತದೆ, ಆಗ ಅಮ್ಮ ಎಲ್ಲಿರಬೇಕು?

ಕೊಡಲೇಬೇಕೆಂದಿದ್ದರೆ ಎರಡು ಮಾತು ಪತ್ರದಲ್ಲಿ ಇರಲಿ. ಮೇಷ್ಟ್ರಿಗೂ ಹೆಂಡತಿಗೂ ಬದುಕಿರುವವರೆಗೆ ಆ ಮನೆಯಲ್ಲಿ ವಾಸಿಸುವ ಹಕ್ಕು. ಮತ್ತು ಊಟ, ಔಷಧಿ, ಆರೈಕೆ ನೋಡಿಕೊಳ್ಳುವ ಷರತ್ತಿನ ಮೇಲೆ ಕೊಟ್ಟಿದ್ದು ಎಂಬ ಸ್ಪಷ್ಟ ಸಾಲು. 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಂ ಅಡಿ, ನೋಡಿಕೊಳ್ಳದಿದ್ದರೆ ದಾನಪತ್ರ ರದ್ದು ಮಾಡಿಸಲು ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಗೆ ಹೋಗಬಹುದು. ಷರತ್ತು ಇರಲೇಬೇಕು ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2025ರ ಜನವರಿಯ ಇನ್ನೊಂದು ತೀರ್ಪಿನಲ್ಲಿ ಹಿರಿಯರ ಪರ ಉದಾರವಾಗಿ ಅರ್ಥೈಸಿತು. ಆ ಉದಾರತೆಯನ್ನು ನಂಬುವ ಬದಲು ಸಾಲನ್ನೇ ಬರೆಸಿಬಿಡಿ.

ಮಗನಿಗೂ ಇದು ಕ್ಷೇಮ. ಕರಾರು ಕಾಯ್ದೆಯ 16ನೇ ಕಲಂ ಪ್ರಕಾರ ವಯಸ್ಸು, ಕಾಯಿಲೆಯಿಂದ ಬುದ್ಧಿ ಕುಂದಿದವರಿಂದ ಯಾರಾದರೂ ಲಾಭ ಪಡೆದಿದ್ದು ಮೇಲ್ನೋಟಕ್ಕೇ ಅನ್ಯಾಯ ಎಂದು ಕಂಡರೆ, ಒತ್ತಡ ಹಾಕಿಲ್ಲ ಎಂದು ಸಾಬೀತು ಮಾಡುವ ಹೊಣೆ ಲಾಭ ಪಡೆದವನದೇ.

ಚೇಣಿದಾರ:
ತೋಟದ ವಿಷಯ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ಸೊಸೈಟಿ ಬೆಳೆಸಾಲ ವರ್ಷಕ್ಕೊಮ್ಮೆ ನವೀಕರಣ, ಪಹಣಿಯಲ್ಲಿ ಹೆಸರಿರುವವರ ಸಹಿ ಬೇಕು. ಕಾಯಿಲೆ ಮುಂದುವರಿದ ಮೇಲೆ ನವೀಕರಣ ನಿಂತರೆ ಬಡ್ಡಿ ರಿಯಾಯಿತಿ ಹೋಗಿ ಸುಸ್ತಿ ಬೀಳುತ್ತದೆ. ಆ ಸಾಲ ಈಗಲೇ ತೀರಿಸಿ, ಮುಂದೆ ಮಗನ ಹೆಸರಿಗೆ ಬಂದ ಜಮೀನಿನ ಮೇಲೆ ಬೇಕಾದರೆ ಹೊಸದಾಗಿ ಎತ್ತಲಿ. ಅಡಿಕೆ ಮಾರಾಟ ಸಹಕಾರ ಸಂಘದ ಸದಸ್ಯತ್ವ ಮೇಷ್ಟ್ರ ಹೆಸರಲ್ಲಿದ್ದರೆ ಹಣವೂ ಅವರ ಖಾತೆಗೇ ಹೋಗುತ್ತದೆ. ಸಂಘದಲ್ಲಿ ಕೊಟ್ಟಿರುವುದು ಈಗಿನ ಜಂಟಿ ಖಾತೆಯೇ ಎಂದು ನೋಡಿಕೊಳ್ಳಿ. ಫಸಲನ್ನು ಚೇಣಿಗೆ (ಗುತ್ತಿಗೆಗೆ) ಕೊಡುವುದಾದರೆ ಕರಾರು ಒಂದೇ ವರ್ಷದ್ದಿರಲಿ, ಹಣ ಚೆಕ್ಕಿನಲ್ಲಿ ಅದೇ ಖಾತೆಗೆ ಬರಲಿ. ಕೈಮೇಲೆ ಕೊಟ್ಟ ಮುಂಗಡವನ್ನು ಮೇಷ್ಟ್ರು ಎಲ್ಲಿಟ್ಟೆ ಎಂದು ಮರೆತರೆ ಚೇಣಿಯವರಿಗೂ ಮನೆಯವರಿಗೂ ಜಗಳ.

ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡುವ ಪೌತಿ ಖಾತೆ ಮೇಷ್ಟ್ರು ಬದುಕಿರುವಾಗ ಆಗುವುದಿಲ್ಲ. ಈ ಕಾಯಿಲೆಯಲ್ಲಿ ತಹಶೀಲ್ದಾರರ ಬಳಿ ಹೋದರೆ ಆಗಿಬಿಡುತ್ತದೆ ಎಂದು ಹೇಳುವ ಮಧ್ಯವರ್ತಿಗಳಿಗೆ ದುಡ್ಡು ಕೊಡಬೇಡಿ.

ಡಾಲಸ್_ಕನ್ನಡತಿ:
ಹೊರದೇಶದಲ್ಲಿರುವ ಮಗಳು ವಿಭಾಗಪತ್ರಕ್ಕೆ ಸಹಿ ಹಾಕಲು ಬರಲಾಗದಿದ್ದರೆ?

ವಕಾಲತ್ತು:
ನಿಮ್ಮ ಬುದ್ಧಿ ಸರಿ ಇದೆಯಲ್ಲ ಮೇಡಂ, ನಿಮ್ಮ ಪರ ಪವರ್ ಆಫ್ ಅಟಾರ್ನಿ ಚೆನ್ನಾಗಿ ನಡೆಯುತ್ತದೆ. ಈ ಒಂದು ಕೆಲಸಕ್ಕೆ ಮಾತ್ರ ಸ್ಪೆಷಲ್ ಪವರ್ ಬರೆದು ಭಾರತೀಯ ದೂತಾವಾಸದಲ್ಲಿ ದೃಢೀಕರಿಸಿ ಕಳುಹಿಸಿ. ಅದು ಇಲ್ಲಿ ತಲುಪಿದ 3 ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಲಕೋಟೆ ಬಂದ ತಾರೀಕಿಗೆ ಪುರಾವೆ ಇರಲಿ, ಕೊರಿಯರ್ ರಸೀದಿ ಬಿಸಾಡಬೇಡಿ. ಅಣ್ಣನಿಗೇ ಪವರ್ ಕೊಟ್ಟರೆ ಅವನು ಎರಡೂ ಕಡೆಯವನಾಗುತ್ತಾನೆ. ಪಾಲಿಲ್ಲದ ಬಂಧುವಿಗೆ ಕೊಡಿ.

ಹೊಂಗೆಮರ:
ಈಗ ಕಷ್ಟದ ಪ್ರಶ್ನೆ. ಏನೂ ಮಾಡದೆ ಹೊತ್ತು ಮೀರಿದೆ, ಮೇಷ್ಟ್ರಿಗೆ ಹೆಂಡತಿಯ ಗುರುತೂ ಇಲ್ಲ. ಎಫ್‌ಡಿ ಒಬ್ಬರ ಹೆಸರಲ್ಲಿ. ಆಗ?

ವಕಾಲತ್ತು:
ಮೊದಲು ಎಲ್ಲಿಗೆ ಹೋಗಬಾರದು ಎಂದು ಹೇಳುತ್ತೇನೆ, ಏಕೆಂದರೆ ಅಲ್ಲೇ ಆರೇಳು ತಿಂಗಳು ಕಳೆಯುತ್ತದೆ. ಬ್ಯಾಂಕಿನವರು ನ್ಯಾಷನಲ್ ಟ್ರಸ್ಟಿನ ಪಾಲಕತ್ವ ಪತ್ರ ತನ್ನಿ ಎನ್ನುವುದುಂಟು. ಆ 1999ರ ಕಾಯ್ದೆ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ, ಬಹುವಿಧ ಅಂಗವೈಕಲ್ಯಕ್ಕೆ ಮಾತ್ರ, ಡಿಮೆನ್ಶಿಯಾ ಅದರಲ್ಲಿ ಬರುವುದಿಲ್ಲ. 1890ರ ಪಾಲಕರ ಕಾಯ್ದೆ ಅಪ್ರಾಪ್ತರಿಗೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ಚಿಕಿತ್ಸೆಗೆ ನಾಮನಿರ್ದೇಶಿತ ಪ್ರತಿನಿಧಿ ಇದ್ದಾರೆ, ಆದರೆ ಅವರಿಗೆ ಆಸ್ತಿಯ ಮೇಲೆ ಅಧಿಕಾರವಿಲ್ಲ. ಹಿಂದಿನ 1987ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಜಿಲ್ಲಾ ನ್ಯಾಯಾಲಯ ಆಸ್ತಿಗೆ ವ್ಯವಸ್ಥಾಪಕರನ್ನು ನೇಮಿಸುವ ಅಧ್ಯಾಯ ಇತ್ತು. ಹೊಸ ಕಾಯ್ದೆಯಲ್ಲಿ ಅದನ್ನು ಕೈಬಿಟ್ಟು ಬದಲಿಗೆ ಏನನ್ನೂ ಇಡಲಿಲ್ಲ. ಲಕ್ಷಾಂತರ ಮನೆಗಳನ್ನು ಹೀಗೆ ನಡುನೀರಿನಲ್ಲಿ ಬಿಟ್ಟಿದ್ದು ದೊಡ್ಡ ಅನ್ಯಾಯ. ಇದನ್ನು ಸಂಸತ್ತು ಸರಿಪಡಿಸಲೇಬೇಕು.

ಉಳಿದ ದಾರಿ ಎರಡು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 14ನೇ ಕಲಂನ ಸೀಮಿತ ಪಾಲಕತ್ವ ಒಂದು. ಇದು ವ್ಯಕ್ತಿಯ ಜೊತೆ ಸಮಾಲೋಚಿಸಿ ನಿರ್ಧಾರ ಮಾಡುವ ವ್ಯವಸ್ಥೆ, ಮಧ್ಯದ ಹಂತಕ್ಕೆ ಸರಿ. ಪೂರ್ಣ ಹೋದ ಮೇಲೆ ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿಗೆ ರಿಟ್. ಮೇಷ್ಟ್ರಂಥವರು ಬೆಂಗಳೂರಿಗೆ, ಉತ್ತರ ಕರ್ನಾಟಕದವರು ಜಿಲ್ಲೆ ನೋಡಿಕೊಂಡು ಧಾರವಾಡ ಅಥವಾ ಕಲಬುರಗಿ ಪೀಠಕ್ಕೆ. 2019ರಲ್ಲಿ ಕೇರಳ ಹೈಕೋರ್ಟ್ ಕೋಮಾದಲ್ಲಿರುವವರ ಪಾಲಕರ ನೇಮಕಕ್ಕೆ ಮಾರ್ಗಸೂಚಿ ಕೊಟ್ಟಿತು: ವೈದ್ಯಕೀಯ ಮಂಡಳಿಯ ವರದಿ, ಕಂದಾಯ ಅಧಿಕಾರಿಯ ಸ್ಥಳ ವಿಚಾರಣೆ, ಎಲ್ಲ ವಾರಸುದಾರರ ವಿವರ. ಅರ್ಜಿ ಸಿದ್ಧಪಡಿಸುವಾಗ ಅದೇ ಮಾದರಿ ಇಟ್ಟುಕೊಳ್ಳಿ. ಆಸ್ಪತ್ರೆಯ ದಾಖಲೆ ಮೊದಲ ದಿನದಿಂದ, ವಂಶವೃಕ್ಷ, ಪ್ರತಿ ವಾರಸುದಾರರ ನೋಟರಿ ಮಾಡಿದ ಒಪ್ಪಿಗೆ, ಆಸ್ತಿ ಮತ್ತು ಸಾಲದ ಪಟ್ಟಿ, ತಿಂಗಳ ಖರ್ಚಿನ ಲೆಕ್ಕ. ಬೇಡಿಕೆಯಲ್ಲಿ "ಆಸ್ತಿ ನೋಡಿಕೊಳ್ಳಲು ಅನುಮತಿ" ಎಂದು ಮಾತ್ರ ಬರೆದರೆ ಆದೇಶ ಸಿಕ್ಕಿದರೂ ಬ್ಯಾಂಕು ಒಪ್ಪುವುದಿಲ್ಲ. ಯಾವ ಶಾಖೆ, ಯಾವ ಖಾತೆ ಸಂಖ್ಯೆ, ಯಾವ ಎಫ್‌ಡಿ ಮುರಿಯಲು, ಪಿಂಚಣಿ ಪಡೆಯಲು, ಮನೆ ಬಾಡಿಗೆಗೆ ಕೊಡಲು ಎಂದು ಬಿಡಿಬಿಡಿಯಾಗಿ ಕೇಳಿ. ಆದೇಶದಲ್ಲಿ ಲೆಕ್ಕ ಒಪ್ಪಿಸಿ ಎಂದಿದ್ದರೆ ಅದನ್ನು ತಪ್ಪಿಸಬೇಡಿ. ಹಣ ಇಲ್ಲದವರು ಕಾನೂನು ಸೇವಾ ಪ್ರಾಧಿಕಾರದ 15100ಕ್ಕೆ ಕರೆ ಮಾಡಿ. ಅಂಗವೈಕಲ್ಯ ಇರುವವರಿಗೆ ಉಚಿತ ವಕೀಲರ ನೆರವು 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂನಲ್ಲೇ ಇದೆ.

ಪಾಸ್‌ಬುಕ್:
ಇದಕ್ಕೆ ಸೇರಿಸುವುದು: ಹೆಬ್ಬೆಟ್ಟು ಒತ್ತಿಸಿ ಇಬ್ಬರು ಸಾಕ್ಷಿ ಹಾಕಿಸಿದರೆ ಬ್ಯಾಂಕು ಹಣ ಕೊಡುತ್ತದೆ ಎಂದು ಹೇಳುವವರಿದ್ದಾರೆ. ಆ ಸೌಲಭ್ಯ ಕೈ ನಡುಗಿ ಸಹಿ ಹಾಕಲಾಗದ, ಆದರೆ ಏನು ಮಾಡುತ್ತಿದ್ದೇನೆ ಎಂದು ಗೊತ್ತಿರುವವರಿಗೆ. ನಿದ್ದೆಯಲ್ಲಿರುವವರ ಹೆಬ್ಬೆರಳು ಹಿಡಿದು ಒತ್ತಿಸುವುದು ಅಪರಾಧ.

ಪಿಂಚಣಿಯ ಜೀವಂತ ಪ್ರಮಾಣಪತ್ರಕ್ಕೆ ಮಾತ್ರ ಬುದ್ಧಿಯ ಪರೀಕ್ಷೆ ಇಲ್ಲ, ಬದುಕಿದ್ದಾರೆ ಎಂದರೆ ಸಾಕು. ನವೆಂಬರ್ ತಿಂಗಳು ಕೊಡಬೇಕು. ಕೇಂದ್ರ ಸರ್ಕಾರದ ಪಿಂಚಣಿದಾರರಲ್ಲಿ 80 ದಾಟಿದವರಿಗೆ ಅಕ್ಟೋಬರ್ 1ರಿಂದಲೇ ಅವಕಾಶ. ಮೊಬೈಲಿನ ಜೀವನ್ ಪ್ರಮಾಣ್ ಮುಖ ಗುರುತಿನಲ್ಲಿ ಕಣ್ಣು ಮಿಟುಕಿಸಿ ಎಂದು ಕೇಳುತ್ತದೆ. ಇವರಿಗೆ ಆ ಮಾತು ಅರ್ಥವಾಗದೆ ಫೋನನ್ನೇ ದಿಟ್ಟಿಸುತ್ತಾರೆ, ಸಮಯ ಮೀರಿ ವಿಫಲ ಎಂದು ಬರುತ್ತದೆ. ಕಿಟಕಿಯ ಬೆಳಕು ಮುಖದ ಮೇಲೆ ಬೀಳುವ ಹಾಗೆ ಕೂರಿಸಿ, ಫೋನ್ ಕಣ್ಣಿನ ಎತ್ತರಕ್ಕೆ ಹಿಡಿದು, ಎದುರಿಗೆ ಕೂತವರು ತಾವೇ ಮೆಲ್ಲಗೆ ಮಿಟುಕಿಸಿ ತೋರಿಸಿದರೆ ನೋಡಿ ಮಾಡುತ್ತಾರೆ. ಆಗದಿದ್ದರೆ ಪಟ್ಟು ಹಿಡಿಯಬೇಡಿ. 70 ದಾಟಿದವರಿಗೆ ಮನೆಬಾಗಿಲ ಸೇವೆ ಕೊಡುವಂತೆ 2017ರ ರಿಸರ್ವ್ ಬ್ಯಾಂಕ್ ಸುತ್ತೋಲೆ ಇದೆ, ಶಾಖೆಗೆ ಬರೆದು ಕೇಳಿ.

ನೆರಳು:
ಆರಂಭದ ಹಂತದಲ್ಲಿ ಹಣ ಹೋಗುವುದು ಹೆಚ್ಚಾಗಿ ಫೋನಿನಿಂದ. ಒಟಿಪಿ ಕೇಳುವವರು, ಡಿಜಿಟಲ್ ಅರೆಸ್ಟ್ ಎಂದು ಹೆದರಿಸುವವರು. ಫೋನನ್ನು ಪೂರ್ತಿ ಕಿತ್ತುಕೊಂಡರೆ ಹಿರಿಯರು ಕುಗ್ಗಿಹೋಗುತ್ತಾರೆ, ದಯವಿಟ್ಟು ಹಾಗೆ ಮಾಡಬೇಡಿ. ಯುಪಿಐ ಸರ್ಕಲ್ ಎಂಬುದು 2024ರಲ್ಲಿ ಬಂದಿದೆ. ಮಗ ಅಥವಾ ಹೆಂಡತಿ ಮುಖ್ಯ ಬಳಕೆದಾರರಾಗಿ ಮೇಷ್ಟ್ರನ್ನು ಎರಡನೆಯವರಾಗಿ ಸೇರಿಸಿ, ಪ್ರತಿ ಪಾವತಿಗೂ ಒಪ್ಪಿಗೆ ಬೇಕು ಎಂಬ ಬಗೆಯನ್ನು ಆರಿಸಿ. ಮೇಷ್ಟ್ರು ಅಂಗಡಿಯಲ್ಲಿ ಸ್ಕ್ಯಾನ್ ಮಾಡುತ್ತಾರೆ, ಮಗನ ಫೋನಿಗೆ ಬರುತ್ತದೆ, ಅವನು ಪಿನ್ ಹಾಕಿದರೆ ಹೋಗುತ್ತದೆ. ಮೇಷ್ಟ್ರಿಗೆ ತಾನೇ ಕೊಟ್ಟೆ ಎಂಬ ಸಮಾಧಾನ ಉಳಿಯುತ್ತದೆ. ಅವರ ಸ್ವಂತ ಎಟಿಎಂ ಕಾರ್ಡಿನ ಆನ್‌ಲೈನ್, ಅಂತರರಾಷ್ಟ್ರೀಯ ಬಳಕೆಯನ್ನು ಬ್ಯಾಂಕ್ ಆ್ಯಪಿನಲ್ಲಿ ಆಫ್ ಮಾಡಿ, ದಿನದ ಮಿತಿ ಇಳಿಸಿ. ಹಣ ಹೋದದ್ದು ಗೊತ್ತಾದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಲೆಕ್ಕಪತ್ರ:
ತೆರಿಗೆ ಬಗ್ಗೆ ಚುಟುಕಾಗಿ. ಮೊದಲು ಯುಡಿಐಡಿ ಅಂಗವೈಕಲ್ಯ ಪ್ರಮಾಣಪತ್ರ ಮಾಡಿಸಿ. ಡಿಮೆನ್ಶಿಯಾದ ಪ್ರಮಾಣವನ್ನು ಐಡಿಯಾಸ್ ಎಂಬ ಅಳತೆಗೋಲಿನಲ್ಲಿ ನೋಡುತ್ತಾರೆ. 40 ಶೇಕಡ ಅಥವಾ ಹೆಚ್ಚಿದ್ದರೆ ಅವಲಂಬಿತರನ್ನು ನೋಡಿಕೊಳ್ಳುವವರಿಗೆ ಆದಾಯ ತೆರಿಗೆಯ 80ಡಿಡಿ ಕಲಂ ಅಡಿ 75,000, 80 ಶೇಕಡ ಅಥವಾ ಹೆಚ್ಚಿದ್ದರೆ 1,25,000 ರೂಪಾಯಿ ಕಡಿತ. ಎಷ್ಟು ಖರ್ಚಾಯಿತು ಎಂಬುದು ಇಲ್ಲಿ ಮುಖ್ಯವಲ್ಲ. 80ಡಿಡಿಬಿ ಬೇರೆ: ನಿಜವಾದ ಚಿಕಿತ್ಸಾ ಖರ್ಚು, ಹಿರಿಯ ನಾಗರಿಕರಿಗೆ 1 ಲಕ್ಷದ ತನಕ, ವಿಮೆಯಿಂದ ಬಂದದ್ದು ಕಳೆದು. 11ಡಿಡಿ ನಿಯಮದ ಪಟ್ಟಿಯಲ್ಲಿ ಡಿಮೆನ್ಶಿಯಾ ಹೆಸರು ಹಿಡಿದೇ ಇದೆ, ನರರೋಗ ತಜ್ಞರ ಚೀಟಿ ಬೇಕು. ಎರಡೂ ಹಳೆ ತೆರಿಗೆ ಪದ್ಧತಿಯಲ್ಲಿ ಮಾತ್ರ. ಮೇಲಿನವು 1961ರ ಆದಾಯ ತೆರಿಗೆ ಕಾಯ್ದೆಯ ಕಲಂಗಳು. 2026ರ ಏಪ್ರಿಲ್ 1ರಿಂದ ಹೊಸ ಕಾಯ್ದೆಯಲ್ಲಿ ಸಂಖ್ಯೆ ಬೇರೆ.

ಆರೈಕೆಯ ಖರ್ಚಿಗೆ ಒಂದು ನೋಟ್‌ಬುಕ್ ಇಡಿ. ತಾರೀಕು, ಯಾರಿಗೆ, ಯಾಕೆ, ಎಷ್ಟು. ಅಟೆಂಡರ್ ಸಂಬಳ, ಡೈಪರ್, ಔಷಧಿ ಎಲ್ಲವನ್ನೂ ಜಂಟಿ ಖಾತೆಯಿಂದಲೇ ಕೊಡಿ, ಸ್ವಂತ ಖರ್ಚು ಆ ಖಾತೆಯಲ್ಲಿ ಬೆರೆಸಬೇಡಿ. ತಿಂಗಳಿಗೊಮ್ಮೆ ಆ ಪುಟದ ಫೋಟೋವನ್ನು ಅಕ್ಕ, ತಂಗಿ, ಅಣ್ಣಂದಿರಿಗೆ ಕಳುಹಿಸಿ. ಆರೋಗ್ಯ ವಿಮೆ ಸಾಮಾನ್ಯವಾಗಿ ಆಸ್ಪತ್ರೆಗೆ ಸೇರಿದ ಖರ್ಚಿಗೆ, ಮನೆಯ ಅಟೆಂಡರಿಗೆ ಕೊಡುವುದಿಲ್ಲ. ಲೆಕ್ಕ ಹಾಕುವಾಗ ಅದನ್ನು ಕೈಯಿಂದ ಹೋಗುವ ಖರ್ಚೆಂದೇ ಇಟ್ಟುಕೊಳ್ಳಿ.

ನೆರಳು:
ಚಿಕಿತ್ಸೆಯ ಬಗ್ಗೆಯೂ ಮೇಷ್ಟ್ರೇ ಈಗ ಹೇಳಿಡಲಿ. ಕೊನೆಗಾಲದಲ್ಲಿ ವೆಂಟಿಲೇಟರ್, ಮೂಗಿನ ಕೊಳವೆ ಬೇಕೇ ಬೇಡವೇ ಎಂಬುದನ್ನು ಮಕ್ಕಳ ತಲೆಗೆ ಬಿಟ್ಟರೆ ಅವರು ಜೀವನಪೂರ್ತಿ ಕೊರಗುತ್ತಾರೆ. ಸುಪ್ರೀಂ ಕೋರ್ಟಿನ 2018ರ ತೀರ್ಪು, 2023ರ ಜನವರಿಯ ಸರಳೀಕರಣದ ಪ್ರಕಾರ ಜೀವಂತ ಉಯಿಲಿಗೆ ಇಬ್ಬರು ಸಾಕ್ಷಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಸಾಕು. ನಿರ್ಧಾರ ಹೇಳುವವರ ಹೆಸರು ಒಂದಕ್ಕಿಂತ ಹೆಚ್ಚು ಬರೆಯಿರಿ. ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿ ಕೊನೆಯಲ್ಲಿ ಇದನ್ನು ಜಾರಿಗೆ ತರುವ ಆದೇಶ ಹೊರಡಿಸಿದೆ. ಪ್ರತಿಯನ್ನು ಕುಟುಂಬದ ವೈದ್ಯರಿಗೂ ಕೊಡಿ. ಬೀರುವಿನಲ್ಲಿ ಬೀಗ ಹಾಕಿಟ್ಟರೆ ಐಸಿಯು ಬಾಗಿಲಲ್ಲಿ ಸಿಗುವುದಿಲ್ಲ.

ಲೆಕ್ಕಪತ್ರ:
ಯಾರೂ ಮುಟ್ಟದ ಒಂದು ವಿಷಯ ಉಳಿದಿದೆ. ಎಲ್ಲರೂ ಮೇಷ್ಟ್ರ ಕಾಗದ ಸರಿ ಮಾಡುತ್ತಿದ್ದಾರೆ, ಮೇಷ್ಟ್ರ ಹೆಂಡತಿಯ ಕಾಗದ ಯಾರು ನೋಡಿದ್ದಾರೆ? ಅವರ ಖಾತೆ, ಎಲ್‌ಐಸಿ, ಒಡವೆಯ ಲಾಕರ್ ಎಲ್ಲಕ್ಕೂ ನಾಮಿನಿ ಗಂಡನೇ ಇರುತ್ತಾರೆ. ಆರೈಕೆ ಮಾಡುವವರೇ ಮೊದಲು ಹೋಗುವುದು ಅಪರೂಪವಲ್ಲ. ಆಗ ಹಣ ಕ್ಲೇಮ್ ಮಾಡಬೇಕಾದವರು ಸಹಿ ಹಾಕಲಾಗದ ಮೇಷ್ಟ್ರು. ಇಬ್ಬರ ಹಣವೂ ಒಟ್ಟಿಗೆ ಸಿಕ್ಕಿಬೀಳುತ್ತದೆ.

ವಕಾಲತ್ತು:
ಬಹಳ ಸರಿಯಾದ ಮಾತು ಸರ್. ಆ ತಾಯಿ ಮೊದಲು ತಮ್ಮ ನಾಮಿನಿಯನ್ನು ಮಗ ಅಥವಾ ಮಗಳಿಗೆ ಬದಲಿಸಲಿ. ತಮ್ಮ ಉಯಿಲಿನಲ್ಲಿ ಗಂಡನಿಗೆ ನೇರವಾಗಿ ಏನನ್ನೂ ಬರೆಯದೆ, "ನನ್ನ ಆಸ್ತಿಯನ್ನು ಮಗ, ಮಗಳು ಇಬ್ಬರೂ ಟ್ರಸ್ಟಿಗಳಾಗಿ ನನ್ನ ಗಂಡನ ಜೀವಿತಾವಧಿಯವರೆಗೆ ಅವರ ಆರೈಕೆಗೆ ಬಳಸತಕ್ಕದ್ದು, ಉಳಿದದ್ದು ಇಬ್ಬರಿಗೂ ಸಮಪಾಲು" ಎಂದು ಬರೆಸಲಿ. ಜಂಟಿ ಖಾತೆಗೆ ಮೂರನೆಯವರಾಗಿ ಮಗನನ್ನೋ ಮಗಳನ್ನೋ ಈಗಲೇ ಸೇರಿಸಿ, ವ್ಯವಹಾರದ ಬಗೆ "ಎನಿವನ್ ಆರ್ ಸರ್ವೈವರ್" ಎಂದು ಗುರುತು ಹಾಕಿಸಲಿ. ಮೇಷ್ಟ್ರ ಉಯಿಲು ನೋಂದಣಿಗೆ ಹೋಗುವ ದಿನವೇ ಇವರದ್ದನ್ನೂ ಮುಗಿಸಿಬಿಡಿ.